ಎರಡಾದ ಮೇಲೆ ನಾಲ್ಕು

ನಮ್ಮ ಊರಲ್ಲಿ ಹುಟ್ಟಿದವರಿಗೆ ಒಂದೊಂದು ಅಂಕೆ ಕಾಣುವುದಿಲ್ಲ. ಬರೆದರೆ ಕಣ್ಣಿಗೆ ಬೀಳದು, ಹೇಳಿದರೆ ಕಿವಿಗೆ ಬೀಳದು, ಬರೆಯಹೊರಟರೆ ಕೈ ಓಡದು. ಅದಿದ್ದ ಜಾಗದಲ್ಲಿ ತೆರಪಾದರೂ ಕಂಡಿದ್ದರೆ ಊಹಿಸಿಕೊಳ್ಳಬಹುದಿತ್ತು. ತೆರಪೂ ಇರುವುದಿಲ್ಲ, ಅಕ್ಕಪಕ್ಕದ ಅಂಕೆಗಳು ಸರಿದು ಒತ್ತಿಕೊಂಡು ಕೂತುಬಿಟ್ಟಿರುತ್ತವೆ. ನನಗೆ ಕಾಣದಿರುವುದು ಆರಾದ ಮೇಲಿನದು. ಅದರ ಹೆಸರೇನೆಂದು ನನಗೆ ಗೊತ್ತಿಲ್ಲ. ಎಷ್ಟೋ ಜನ ಹೇಳಿಕೊಟ್ಟಿದ್ದಾರೆ, ಪ್ರತಿ ಸಲವೂ ಅವರ ತುಟಿ ಅಲ್ಲಾಡಿದ್ದು ಮಾತ್ರ ಕಂಡಿದೆ.

ಇದರಿಂದ ಯಾರ ಬದುಕೂ ನಿಂತುಹೋಗಿಲ್ಲ. ತರಕಾರಿಯವನು ತಕ್ಕಡಿ ಎತ್ತುವ ಮೊದಲು ನಿಮಗೆ ಯಾವುದು ಕಾಣದೆಂದು ಕೇಳುತ್ತಾನೆ, ತನ್ನದನ್ನೂ ಹೇಳುತ್ತಾನೆ. ಇಬ್ಬರದೂ ಒಂದೇ ಆದರೆ ದಾರಿಯಲ್ಲಿ ಹೋಗುವವರನ್ನು ಯಾರನ್ನಾದರೂ ಕರೆದು ನಿಲ್ಲಿಸಿಕೊಳ್ಳುತ್ತೇವೆ. ಸಿಟಿ ಬಸ್ಸುಗಳ ಹಣೆಯ ಮೇಲೆ ನಂಬರಿನ ಪಕ್ಕದಲ್ಲಿ ಗಿಳಿ, ಆನೆ, ಕಮಲ ಎಂದು ಚಿತ್ರಗಳಿರುತ್ತವೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಅಂಕೆ ಕೇಳುತ್ತಾರೆ, ಗಂಡು ಹೆಣ್ಣಿಬ್ಬರಿಗೂ ಒಂದೇ ಕಾಣದಿದ್ದರೆ ಕಾಫಿ ಕುಡಿದು ಎದ್ದುಹೋಗುತ್ತಾರೆ. ಹೊರಗಿನಿಂದ ಬಂದು ನೆಲೆಸಿದವರಿಗೆ ಎಲ್ಲವೂ ಕಾಣುತ್ತದಂತೆ. ಅವರು ಕಡಿಮೆ.

ಇಂಥ ಊರಲ್ಲಿ ವಿಜ್ಞಾನ ಮತ್ತು ಗಣಿತಕ್ಕೆಂದೇ ಒಂದು ಸರ್ಕಾರಿ ಪ್ರೌಢಶಾಲೆಯಿದೆ ಎಂದರೆ ಹೊರಗಿನವರು ನಗುತ್ತಾರೆ. ನಾನು ಅಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಕಲಿಸುತ್ತಿದ್ದೆ. ಬಸ್ ನಿಲ್ದಾಣಕ್ಕೆ ಎದುರಾಗಿ, ಹಿಂದೆ ಹತ್ತಿ ಗೋದಾಮಾಗಿದ್ದ ಉದ್ದನೆಯ ಕಟ್ಟಡ. ಕಂಡಕ್ಟರುಗಳ ಸೀಟಿ ಕೇಳಿಸಿಕೊಂಡೇ ನಾವು ನ್ಯೂಟನ್ನನ ನಿಯಮಗಳನ್ನು ಕಲಿಸಬೇಕಿತ್ತು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದ ಮಕ್ಕಳಿಗೆ ಶುಲ್ಕವಿಲ್ಲ. ಹೂವಾಡಗಿತ್ತಿಯ ಮಗಳೂ ಜಡ್ಜರ ಮಗನೂ ಒಂದೇ ಬಾಗಿಲಿಂದ ಒಳಗೆ ಬರುತ್ತಿದ್ದರು. ಎಂಟನೆಯ ತರಗತಿಗೆ ಸೇರಿಸಿಕೊಳ್ಳುವ ದಿನ ಪ್ರತಿ ಮಗುವಿನ ಮುಂದೆ ಅಂಕೆಗಳ ಹಲಗೆ ಹಿಡಿದು ಓದಿಸುತ್ತಿದ್ದೆವು. ಯಾವುದನ್ನು ಬಿಟ್ಟು ಓದುತ್ತದೋ ನೋಡಿಕೊಂಡು, ಬೇರೆಯದನ್ನು ಬಿಟ್ಟ ಇನ್ನೊಂದು ಮಗುವಿನ ಜೊತೆ ಕೂರಿಸುತ್ತಿದ್ದೆವು. ಒಂದು ಬೆಂಚಿಗೆ ಇಬ್ಬರು, ಇಬ್ಬರಿಗೆ ಒಂದೇ ಉತ್ತರ ಪತ್ರಿಕೆ, ಒಂದೇ ಅಂಕಪಟ್ಟಿ. ಹತ್ತನೆಯ ತರಗತಿ ಮುಗಿಯುವವರೆಗೆ ಆ ಜೋಡಿ ಮುರಿಯುವಂತಿಲ್ಲ. ಮುರಿಯಲೇಬೇಕೆಂದರೆ ಇಬ್ಬರೂ ಹೆಡ್‌ಮಾಸ್ಟರ ಎದುರು ನಿಂತು ಒಪ್ಪಿಕೊಳ್ಳಬೇಕು. ನಾನಿದ್ದಷ್ಟು ಕಾಲ ಅಂಥದ್ದು ನಡೆದದ್ದು ಒಂದೇ ಸಲ. ಅದು ಯಶೋಧರೆಯದು.

ಯಶೋಧರೆ ಬಸ್ ಡ್ರೈವರ್ ಚನ್ನಬೋರಯ್ಯನವರ ಮಗಳು. ತೆಳ್ಳಗಿನ, ಕಪ್ಪನೆಯ, ಮಾತಾಡುವಾಗ ಎದುರಿನವರ ಹಣೆಯನ್ನೇ ನೋಡುತ್ತಿದ್ದ ಹುಡುಗಿ. ಅವಳಿಗೆ ಮೂರು ಕಾಣುತ್ತಿರಲಿಲ್ಲ. ಒಂದು, ಎರಡು, ನಾಲ್ಕು ಎಂದು ಎಣಿಸಿ, ನಡುವೆ ಏನೋ ಹಾದುಹೋಯಿತು ಎನ್ನುವಂತೆ ತಲೆ ಸ್ವಲ್ಪ ಓರೆ ಮಾಡುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪ ಮೊದಲ ಬಸ್ಸು ತೆಗೆಯಲು ನಸುಕಿನಲ್ಲೇ ಡಿಪೋಗೆ ಹೊರಟರೆ ಇವಳೂ ಜೊತೆಗೆ ಹೋಗಿ ಬಾನೆಟ್ಟಿನ ಮೇಲೆ ಕೂತು ನಕ್ಷತ್ರ ನೋಡುತ್ತಿದ್ದಳಂತೆ. ಊರಾಚೆಯ ಗುಡ್ಡದ ಮೇಲೆ ವೇಧಶಾಲೆಯೂ ಅದಕ್ಕೆ ಸೇರಿದ ಕಾಲೇಜೂ ಇವೆ. ನಮ್ಮ ಶಾಲೆಯಿಂದ ವರ್ಷಕ್ಕೆ ಒಂದೇ ಒಂದು ಜೋಡಿಯನ್ನು ಅವರು ತೆಗೆದುಕೊಳ್ಳುತ್ತಿದ್ದರು. ಅಲ್ಲಿಗೆ ಹೋಗಬೇಕೆಂದು ಯಶೋಧರೆ ಯಾವಾಗ ತೀರ್ಮಾನಿಸಿದಳೋ ತಿಳಿಯದು. ನಮ್ಮಲ್ಲಿಗೆ ಬರುವಾಗಲೇ ತೀರ್ಮಾನಿಸಿಕೊಂಡು ಬಂದಿದ್ದಳು.

ಅವಳ ಪಕ್ಕದಲ್ಲಿ ಕೂತವಳು ಫಿಲೋಮಿನಾ. ಚರ್ಚ್ ರಸ್ತೆಯಲ್ಲಿ ಬೇಕರಿ ಇಟ್ಟಿದ್ದವರ ಮನೆಯ ಹುಡುಗಿ, ದುಂಡು ಮುಖ, ಎಲ್ಲಕ್ಕೂ ನಗು. ಅವಳಿಗೆ ಎಂಟು ಕಾಣುತ್ತಿರಲಿಲ್ಲ. ಇಬ್ಬರೂ ಮೊದಲ ತಿಂಗಳಲ್ಲೇ ಎಷ್ಟು ಹೊಂದಿಕೊಂಡರೆಂದರೆ ಒಬ್ಬಳು ಬರೆಯುತ್ತಿದ್ದಾಗ ಇನ್ನೊಬ್ಬಳು ಮಾತಾಡಬೇಕಾಗಿಯೇ ಇರಲಿಲ್ಲ. ಕಾಣದ ಅಂಕೆ ಬಂದಲ್ಲಿ ಪಕ್ಕದವಳು ಕಿರುಬೆರಳಿನಿಂದ ಮೊಣಕೈಯನ್ನು ಮುಟ್ಟಿದರೆ ಸಾಕು, ಪೆನ್ನು ಕೈ ಬದಲಾಗುತ್ತಿತ್ತು. ಉತ್ತರ ಪತ್ರಿಕೆಯ ಒಂದೇ ಸಾಲಿನಲ್ಲಿ ಎರಡು ಕೈಬರಹ, ಒಂದು ಮುಂದಕ್ಕೆ ಬಾಗಿದ್ದು, ಒಂದು ನೆಟ್ಟಗಿನದು. ಲೆಕ್ಕ ಬಿಡಿಸುವ ದಾರಿಯನ್ನು ಕಂಡುಹಿಡಿಯುವವಳು ಯಶೋಧರೆ. ಆದರೆ ಅವಳು ಗೀಚಿದ ದಾರಿಯಲ್ಲಿ ತಾಳ್ಮೆಯಿಂದ ಕೊನೆಯವರೆಗೆ ನಡೆದು ಬರುವವಳು ಫಿಲೋಮಿನಾ. ಒಂಬತ್ತನೆಯ ತರಗತಿಯ ಹೊತ್ತಿಗೆ ಗುಡ್ಡದ ಮೇಲಿನ ಜಾಗ ಇವರದೇ ಎಂದು ಸ್ಟಾಫ್ ರೂಮಿನಲ್ಲಿ ನಾವೆಲ್ಲ ಮಾತಾಡಿಕೊಂಡು ಆಗಿತ್ತು.

ಹತ್ತನೆಯ ತರಗತಿಯ ದಸರಾ ರಜೆ ಮುಗಿದ ಮೇಲೆ ಫಿಲೋಮಿನಾ ಹೆಡ್‌ಮಾಸ್ಟರ್ ಗುರುಬಸಪ್ಪನವರ ಕೋಣೆಗೆ ಬಂದಳು. ತರಗತಿಯ ಹೊಣೆ ನನ್ನದಾದ್ದರಿಂದ ನನ್ನನ್ನೂ ಕರೆಸಿದರು. ಅವಳು ನಿಂತುಕೊಂಡೇ ಹೇಳಿದಳು. ಜಾನುವಾರು ಆಸ್ಪತ್ರೆಯವರು ತರಬೇತಿ ಶಾಲೆ ನಡೆಸುತ್ತಾರೆ, ಹೊಸ ತಂಡಕ್ಕೆ ಜನವರಿಯಲ್ಲಿ ಸೇರಿಸಿಕೊಳ್ಳುತ್ತಾರೆ, ತನಗೆ ಅಲ್ಲಿಗೆ ಹೋಗಬೇಕು. ರಜೆಯಲ್ಲೆಲ್ಲ ಅಲ್ಲಿಯೇ ಇದ್ದೆ, ಜಟಕಾ ಕುದುರೆಯೊಂದರ ಗೊರಸಿನ ಹುಣ್ಣಿಗೆ ದಿನಾ ಮದ್ದು ಕಟ್ಟಿದೆ, ಅದು ಈಗ ನಡೆಯುತ್ತದೆ. ಮನೆಯಲ್ಲಿ ಒಪ್ಪಿದ್ದಾರೆ. ಗಣಿತ ತನಗೆ ಬರುತ್ತದೆ, ಆದರೆ ಬೇಕೆನಿಸುವುದಿಲ್ಲ. ಇಷ್ಟು ದಿನ ಹೇಳಲಿಲ್ಲ, ಯಾಕೆಂದರೆ ಯಶೋಧರೆಗೆ ಬೇಕಿತ್ತು. ಹತ್ತು ಮುಗಿಸಿ ಹೋಗಬಹುದಲ್ಲ ಎಂದು ನಾನು ಕೇಳಿದೆ. ಹತ್ತು ಮುಗಿಸಿದರೆ ಗುಡ್ಡದ ಮೇಲಿನವರು ಜೋಡಿಯನ್ನೇ ಕರೆಯುತ್ತಾರೆ ಮಿಸ್, ಆಮೇಲೆ ಇನ್ನೂ ಎಷ್ಟೋ ವರ್ಷ, ಎಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು.

ಗುರುಬಸಪ್ಪನವರು ಯಶೋಧರೆಯನ್ನು ಕರೆಸಿದರು. ಅವಳು ಬಾಗಿಲಲ್ಲಿ ನಿಂತು ಗೆಳತಿಯ ಮುಖ ನೋಡಿದಳು, ಏನೋ ಗೊತ್ತಾಗಿಹೋದಂತೆ ಒಳಗೆ ಬಂದು ಅವಳಿಂದ ಒಂದು ಮಾರು ದೂರ ನಿಂತಳು. ಎಲ್ಲ ಕೇಳಿದ ಮೇಲೆ ಹೆಡ್‌ಮಾಸ್ಟರರ ಹಣೆಯನ್ನೇ ನೋಡುತ್ತ, "ಆಗಲ್ಲ ಸರ್," ಎಂದಳು.

ತರಗತಿಯಲ್ಲಿ ಜೋಡಿಯಿಲ್ಲದ ಹುಡುಗನೊಬ್ಬನಿದ್ದಾನೆ, ಅವನ ಜೊತೆ ಕೂರಿಸುತ್ತೇನೆ ಎಂದು ಗುರುಬಸಪ್ಪನವರು ಸಮಾಧಾನ ಹೇಳಿದರು. ಆ ಹುಡುಗ ಇಂದುಶೇಖರ. ಅಪ್ಪನಿಗೆ ವಿದ್ಯುತ್ ಇಲಾಖೆಯಲ್ಲಿ ವರ್ಗವಾಗಿ ಆ ವರ್ಷವೇ ನಮ್ಮ ಊರಿಗೆ ಬಂದವನು, ಎಲ್ಲ ಅಂಕೆಗಳೂ ಕಾಣುವವನು. ಅವನನ್ನು ಎಲ್ಲಿ ಕೂರಿಸಬೇಕೆಂದು ನಮಗೆ ತಿಳಿಯದೆ ಕಿಟಕಿಯ ಪಕ್ಕದ ಬೆಂಚಿನಲ್ಲಿ ಒಬ್ಬನನ್ನೇ ಕೂರಿಸಿದ್ದೆವು.

"ಅವನಿಗೆ ಎಲ್ಲ ಕಾಣುತ್ತೆ ಸರ್," ಎಂದಳು ಯಶೋಧರೆ. "ಅವನ ಪಕ್ಕ ಕೂತು ನಾನೇನು ಮಾಡ್ಲಿ? ಇವಳು ನಂಗೆ ಹೇಳ್ತಾಳೆ, ನಾನು ಇವಳಿಗೆ ಹೇಳ್ತೀನಿ. ಅವನಿಗೆ ನಾನ್ಯಾಕೆ?"

ಅಲ್ಲಿಗೆ ಮಾತು ಮುಗಿಯಿತು. ನಿಯಮ ಅವಳ ಕಡೆಗಿತ್ತು. ಫಿಲೋಮಿನಾ ಅಳಲಿಲ್ಲ, ವಾದಿಸಲೂ ಇಲ್ಲ. ಮರುದಿನ ಎಂದಿನಂತೆ ಬಂದು ತನ್ನ ಜಾಗದಲ್ಲಿ ಕೂತಳು.

ಆಮೇಲಿನ ವಾರಗಳನ್ನು ನಾನು ಹತ್ತಿರದಿಂದ ನೋಡಿದೆ. ಫಿಲೋಮಿನಾ ಕೆಲಸ ಕೆಡಿಸಲಿಲ್ಲ. ಬೇಕೆಂದೇ ತಪ್ಪಿಸಿದ್ದರೆ ಯಶೋಧರೆಗೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಕರೆಯಬೇಕಾದಲ್ಲಿ ಕಿರುಬೆರಳು ಬಂದು ಮೊಣಕೈ ಮುಟ್ಟುತ್ತಿತ್ತು, ಕೈ ಬರೆಯಬೇಕಾದ್ದನ್ನು ಬರೆದು ಹಿಂದಿರುಗುತ್ತಿತ್ತು. ನಗು ಮಾತ್ರ ಇರಲಿಲ್ಲ. ಊಟದ ಹೊತ್ತಿನಲ್ಲಿ ಇಬ್ಬರೂ ಡಬ್ಬಿ ಬಿಚ್ಚಿ ಪಕ್ಕಪಕ್ಕದಲ್ಲೇ ಕೂತು, ಬೇರೆ ಬೇರೆ ದಿಕ್ಕು ನೋಡುತ್ತ ತಿನ್ನುತ್ತಿದ್ದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಇವರೇ ಮೊದಲಿಗರಾದರು. ಉತ್ತರ ಪತ್ರಿಕೆ ಕೊಟ್ಟಾಗ ಯಶೋಧರೆ ಅದನ್ನು ಬಿಚ್ಚಿಯೂ ನೋಡದೆ ಚೀಲದೊಳಗಿಟ್ಟಳು. ಹಿಂದೆಲ್ಲ ಇಬ್ಬರೂ ತಲೆ ಸೇರಿಸಿ, ಎಲ್ಲಿ ಅರ್ಧ ಅಂಕ ಹೋಯಿತೆಂದು ನನ್ನ ಪ್ರಾಣ ತಿನ್ನುತ್ತಿದ್ದವರು.

ಒಂದು ಭಾನುವಾರ ಯಶೋಧರೆ ತ್ರಿಕೋನಮಿತಿಯ ಲೆಕ್ಕಗಳನ್ನು ಹಿಡಿದುಕೊಂಡು ಬೇಕರಿಗೆ ಹೋದಳು. ಫಿಲೋಮಿನಾ ಮನೆಯಲ್ಲಿರಲಿಲ್ಲ, ದನದ ಆಸ್ಪತ್ರೆಯಲ್ಲಿದ್ದಾಳೆ ಎಂದು ಅವಳ ತಾಯಿ ಹೇಳಿದರು. ಯಶೋಧರೆ ಅಲ್ಲಿಗೂ ನಡೆದಳು. ಅಲ್ಲಿ ಏನು ನಡೆಯಿತೆಂಬುದನ್ನು ಅವಳೇ ನನಗೆ ಹೇಳಿದ್ದು. ಶೆಡ್ಡಿನಲ್ಲಿ ಒಂದು ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿತ್ತು. ಒಳಗೆ ಕರುವಿನ ಮುಂಗಾಲೊಂದು ಹಿಂದಕ್ಕೆ ಮಡಚಿಕೊಂಡುಬಿಟ್ಟಿತ್ತು, ಡಾಕ್ಟರ ದಪ್ಪ ಕೈಗೆ ಅದು ಎಟುಕುತ್ತಿರಲಿಲ್ಲ. ಫಿಲೋಮಿನಾ ತೋಳಿಗೆ ಸೋಪು ಹಚ್ಚಿಕೊಂಡು ಭುಜದವರೆಗೆ ಕೈ ಒಳಗಿಟ್ಟಿದ್ದಳು. ಡಾಕ್ಟರು ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿಕೊಡುತ್ತಿದ್ದರು, ಅವಳು ಕಣ್ಣು ಮುಚ್ಚಿಕೊಂಡು ಒಳಗೆ ಬೆರಳುಗಳಿಂದ ಹುಡುಕುತ್ತಿದ್ದಳು. ಎಮ್ಮೆಯವನು ಯಶೋಧರೆಯ ಕೈಗೆ ಹಗ್ಗ ಕೊಟ್ಟು ಹಿಡಿದುಕೋ ಎಂದ. ಅವಳು ಪುಸ್ತಕಗಳನ್ನು ನೆಲದ ಮೇಲಿಟ್ಟು ಹಗ್ಗ ಹಿಡಿದಳು. ಎಷ್ಟು ಹೊತ್ತಾಯಿತೋ, ಕಾಲು ಸರಿಯಾಯಿತು, ಕರು ಜಾರಿ ಹುಲ್ಲಿನ ಮೇಲೆ ಬಿದ್ದಿತು. ಫಿಲೋಮಿನಾ ಅದರ ಮೂಗು ಬಾಯಿ ಒರೆಸಿ, ಮೈ ಉಜ್ಜಿ, ಅದು ಉಸಿರಾಡುವವರೆಗೆ ಬೇರೆ ಯಾವುದನ್ನೂ ನೋಡಲಿಲ್ಲ. ಯಶೋಧರೆ ಹಗ್ಗವನ್ನು ಎಮ್ಮೆಯವನಿಗೆ ಒಪ್ಪಿಸಿ, ಮಾತಾಡಿಸದೆ ಹೊರಟು ಬಂದಳು.

ಸೋಮವಾರ ಪ್ರಾರ್ಥನೆಗೆ ಮೊದಲೇ ಅವಳು ನನ್ನ ಮೇಜಿನ ಬಳಿ ಬಂದು, ಹೆಡ್‌ಮಾಸ್ಟರ ಹತ್ತಿರ ಬನ್ನಿ ಮಿಸ್, ನಾನು ಒಪ್ಪುತ್ತೇನೆ ಎಂದಳು. ಚೆನ್ನಾಗಿ ಯೋಚಿಸಿದ್ದೀಯಾ ಎಂದು ಕೇಳಿದೆ.

"ಅಲ್ಲಿ ಅವಳು ನನ್ನ ನೋಡ್ಲೇ ಇಲ್ಲ ಮಿಸ್," ಎಂದಳು. "ಹಗ್ಗ ಹಿಡ್ಕೊಂಡು ಎದುರಿಗೇ ನಿಂತಿದ್ದೆ. ನಾನಿದೀನಿ ಅನ್ನೋದೇ ಅವಳಿಗೆ ಗೊತ್ತಿರ್ಲಿಲ್ಲ. ಬೆಂಚಿನ ಮೇಲೆ ಕೂತಾಗ ಒಂದು ಗಳಿಗೆನೂ ನನ್ನ ಮರ್ತಿದ್ದಿಲ್ಲ ಅವಳು. ಬರೀ ನನ್ನೇ ಕಾಯ್ತಾ ಕೂತಿರ್ತಾಳೆ."

ಹೆಡ್‌ಮಾಸ್ಟರ ಕೋಣೆಯಲ್ಲಿ ಇಬ್ಬರೂ ನಿಂತು ಒಪ್ಪಿಕೊಂಡರು. ಫಿಲೋಮಿನಾ ಅವಳ ಕೈ ಹಿಡಿಯಲು ಹೋದಾಗ ಯಶೋಧರೆ ಜಡೆ ಸರಿಮಾಡಿಕೊಳ್ಳುವ ನೆಪದಲ್ಲಿ ಕೈ ಎತ್ತಿದಳು. ಕ್ರಿಸ್‌ಮಸ್ ಕಳೆದ ಮೇಲೆ ಫಿಲೋಮಿನಾ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಹೋಗುವ ದಿನ ತರಗತಿಗೆಲ್ಲ ಪ್ಲಮ್ ಕೇಕ್ ತಂದು ಹಂಚಿದಳು. ಯಶೋಧರೆ ಆ ದಿನ ಜ್ವರವೆಂದು ರಜೆ ಹಾಕಿದ್ದಳು.

ಹೀಗೆ ಅವಳು ಕಿಟಕಿಯ ಪಕ್ಕದ ಬೆಂಚಿಗೆ ಹೋಗಿ ಕೂರಬೇಕಾಯಿತು. ಇಂದುಶೇಖರ ಒಳ್ಳೆಯ ಹುಡುಗ. ಕೆದರಿದ ಕೂದಲು, ಬೆರಳುಗಳಿಗೆಲ್ಲ ಶಾಯಿ, ತಲೆ ಮಾತ್ರ ಬಲು ಚುರುಕು. ನಾನು ಲೆಕ್ಕವನ್ನು ಹಲಗೆಯ ಮೇಲೆ ಬರೆದು ಮುಗಿಸುವುದರೊಳಗೆ ಅವನು ಉತ್ತರ ಬರೆದು ಕಿಟಕಿಯಾಚೆ ಬಸ್ಸುಗಳನ್ನು ನೋಡುತ್ತಿರುತ್ತಿದ್ದ. ಪಕ್ಕದಲ್ಲಿ ಯಾರಾದರೂ ಬಂದರಲ್ಲ ಎಂದು ಅವನಿಗೆ ಖುಷಿಯೇ ಆಯಿತು. ಖುಷಿಯಲ್ಲಿ ಅವನು ಎಲ್ಲವನ್ನೂ ತಾನೇ ಮಾಡತೊಡಗಿದ. ಯಶೋಧರೆಗೆ ಕಾಣದ ಅಂಕೆಯನ್ನಷ್ಟೇ ಅಲ್ಲ, ಕಾಣುವ ಅಂಕೆಗಳನ್ನೂ ಬೆರಳಿಟ್ಟು ತೋರಿಸುತ್ತಿದ್ದ. ಅವಳು ಪೆನ್ನು ಮುಟ್ಟಲೂ ಅವಕಾಶವಿರಲಿಲ್ಲ. ಮೊದಲ ಕಿರುಪರೀಕ್ಷೆಯ ಪತ್ರಿಕೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಅವನ ಕೈಬರಹವೊಂದೇ ಇತ್ತು. ಅವಳು ಮಾಡಿದ ಕೆಲಸವೆಂದರೆ ಹೆಸರು ಬರೆದದ್ದು.

ಆ ಪತ್ರಿಕೆ ತಿದ್ದುವಾಗ ನನಗೆ ಆಶ್ಚರ್ಯವಾಯಿತು. ದಾರಿಯೆಲ್ಲ ಸರಿ, ಉತ್ತರಗಳಲ್ಲಿ ಅರ್ಧಕ್ಕರ್ಧ ತಪ್ಪು. ಒಂದು ಕಡೆ ದಶಾಂಶ ಬಿಂದು ಜಾರಿತ್ತು, ಇನ್ನೊಂದು ಕಡೆ ಮೇಲಿನ ಸಾಲಿನ ಅಂಕೆ ಕೆಳಗಿಳಿಯುವಾಗ ಅದಲುಬದಲಾಗಿತ್ತು. ನೆರಳಿನ ಉದ್ದ ಕೊಟ್ಟು ದೀಪದ ಕಂಬದ ಎತ್ತರ ಕೇಳಿದ ಲೆಕ್ಕಕ್ಕೆ ಅವನು ಬರೆದ ಉತ್ತರ ನೋಡಿ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು. ನಮ್ಮ ಮಕ್ಕಳು ದಡ್ಡತನದ ತಪ್ಪು ಮಾಡುತ್ತಿದ್ದರು, ಇಂಥ ತಪ್ಪು ಮಾಡುತ್ತಿರಲಿಲ್ಲ. ತಮಗೊಂದು ಕಾಣದು ಎಂದು ಗೊತ್ತಿದ್ದವರು ಬರೆದದ್ದನ್ನು ಎರಡೆರಡು ಸಲ ನೋಡದೆ ಬಿಡುವುದಿಲ್ಲ. ಅವನಿಗೆ ಆ ಅಭ್ಯಾಸ ಯಾಕಿರಬೇಕು?

ಯಶೋಧರೆ ಪತ್ರಿಕೆ ಬಿಚ್ಚಿ ಬಹಳ ಹೊತ್ತು ನೋಡಿದಳು. ಆಮೇಲೆ ಅವನ ಕಡೆ ತಿರುಗಿ, ಇಡೀ ತರಗತಿಗೆ ಕೇಳುವಂತೆ ಆದರೆ ಸಿಟ್ಟಿಲ್ಲದ ದನಿಯಲ್ಲಿ, "ಗುಡ್ಡಕ್ಕಿಂತ ಎತ್ತರದ ದೀಪದ ಕಂಬ ನಿಮ್ಮೂರಲ್ಲಿ ಇದ್ಯಾ?" ಎಂದು ಕೇಳಿದಳು.

ಹುಡುಗರು ನಕ್ಕರು. ಇಂದುಶೇಖರ ಪತ್ರಿಕೆ ಕಸಿದುಕೊಂಡು ಡೆಸ್ಕಿನ ಮೇಲೆ ಮಗುಚಿ ಹಾಕಿದ. ಆ ದಿನವೂ ಮರುದಿನವೂ ಇಬ್ಬರೂ ಮಾತಾಡಲಿಲ್ಲ. ಮೂರನೆಯ ದಿನ ನಾನು ಇಬ್ಬರನ್ನೂ ಪ್ರಯೋಗಾಲಯದಲ್ಲಿ ಉಳಿಸಿಕೊಂಡು ಒಂದು ಮಸೂರವನ್ನೂ ಒಂದು ಮೇಣದ ಬತ್ತಿಯನ್ನೂ ಕೊಟ್ಟು, ನಾಭಿದೂರ ಅಳೆದು ತೋರಿಸಿ ಎಂದು ಹೇಳಿ, ಮೂಲೆಯಲ್ಲಿ ನನ್ನ ಕೆಲಸ ನೋಡಿಕೊಂಡು ಕೂತೆ. ಬಿಳಿ ಹಾಳೆಯ ಮೇಲೆ ತಲೆಕೆಳಗಾದ ಜ್ವಾಲೆ ಮೂಡಿಸಲು ಹೆಣಗಾಡುತ್ತ ಅವರು ಮಾತಿಗೆ ಬಂದರು. ಅಳತೆಯನ್ನು ಅವನು ಓದಿದಾಗೆಲ್ಲ ಅವಳು ಇನ್ನೊಂದು ಸಲ ಓದು ಎನ್ನುತ್ತಿದ್ದಳು. ನನ್ನ ಮೇಲೆ ನಂಬಿಕೆಯಿಲ್ಲವೇ ಎಂದು ಅವನು ಕೇಳಿದ. ನಂಬಿಕೆಯ ಮಾತಲ್ಲ, ಇಲ್ಲಿ ಯಾರೂ ಒಂದೇ ಸಲ ಓದುವುದಿಲ್ಲ ಎಂದಳು. ಆಗ ಅವನು ಹೇಳಿದ ಮಾತು ನನ್ನ ಕೆಲಸ ನಿಲ್ಲಿಸಿತು.

"ನಮ್ಮೂರಲ್ಲಿ ಪಕ್ಕದವರಿಗೆ ತೋರಿಸಿದ್ರೆ ಅದನ್ನ ನಕಲು ಅಂತಾರೆ. ಕೈ ಅಡ್ಡ ಇಟ್ಕೊಂಡು ಬರೀಬೇಕು. ಚಿಕ್ಕಂದಿನಿಂದ ಹಾಗೇ ಬರ್ದಿದೀನಿ. ನನ್ನ ಹಾಳೆನ ಇನ್ನೊಬ್ರು ನೋಡ್ತಾರೆ ಅಂದ್ರೆ ಬಟ್ಟೆ ಇಲ್ದೆ ನಿಂತ ಹಾಗಾಗುತ್ತೆ ನಂಗೆ."

ಯಶೋಧರೆ ಮೇಣದ ಬತ್ತಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದಳು. ತನಗೂ ಅಭ್ಯಾಸವಿರುವುದು ಒಬ್ಬಳ ಜೊತೆ ಮಾತ್ರ, ಬೇರೆಯವರ ಜೊತೆ ತನಗೂ ಹಾಗೇ ಆಗುತ್ತದೆ ಎಂದಳು. ಆಮೇಲೆ, ನೀನು ಬರಿ, ನಾನು ಪ್ರತಿ ಸಾಲನ್ನೂ ನೋಡುತ್ತೇನೆ, ನನಗೆ ಕಾಣದ್ದು ಬಂದಲ್ಲಿ ಮಾತ್ರ ಮುಟ್ಟು, ಉಳಿದಲ್ಲಿ ಮುಟ್ಟಬೇಡ ಎಂದು ಒಪ್ಪಂದ ಮಾಡಿಕೊಂಡಳು. ಅವನು ತಲೆಯಾಡಿಸಿದ. ಅಂದಿನಿಂದ ಅವರ ಪತ್ರಿಕೆಗಳಲ್ಲಿ ಹೊಡೆದುಹಾಕಿದ ಗೆರೆಗಳು ಹೆಚ್ಚಾದವು, ಉತ್ತರಗಳು ಸರಿಯಾಗತೊಡಗಿದವು. ಅವಳು ದಾರಿ ಹುಡುಕುವುದನ್ನು ಮತ್ತೆ ಶುರುಮಾಡಿದಳು. ಅವನಿಗಿಂತ ನಿಧಾನ, ಆದರೆ ಅವಳದು ಅವನಿಗೆ ಹೊಳೆಯದ ದಾರಿ. ಅವನು "ಹೌದಲ್ವಾ" ಎನ್ನುವುದು ನನ್ನ ಮೇಜಿನವರೆಗೂ ಕೇಳುತ್ತಿತ್ತು.

ಅಂತಿಮ ಪರೀಕ್ಷೆಗೆ ಜೋಡಿಗಳನ್ನು ನೋಂದಾಯಿಸುವ ದಿನ ಗುರುಬಸಪ್ಪನವರು ಒಬ್ಬೊಬ್ಬರನ್ನೇ ಕರೆದು ಯಾವುದು ಕಾಣದೆಂದು ಕೇಳಿ ಬರೆದುಕೊಳ್ಳುತ್ತಿದ್ದರು. ಯಶೋಧರೆ ಎರಡಾದ ಮೇಲಿನದು ಎಂದಳು. ಇಂದುಶೇಖರನ ಸರದಿ ಬಂದಾಗ ಅವರು, ನಿನಗೇನೂ ಇಲ್ಲವಲ್ಲ, ಖಾಲಿ ಬಿಡುತ್ತೇನೆ, ಪರೀಕ್ಷಾ ಮಂಡಳಿಯವರು ಪ್ರಶ್ನೆ ಎತ್ತಬಹುದು ನೋಡೋಣ ಎಂದು ಗೊಣಗಿದರು.

"ಖಾಲಿ ಬೇಡ ಸರ್," ಎಂದ ಅವನು. "ನನ್ನ ತಪ್ಪು ನಂಗೆ ಕಾಣಲ್ಲ. ಅದನ್ನೇ ಬರ್ಕೊಳ್ಳಿ."

ತಮಾಷೆಗೆ ಹೇಳುತ್ತಿದ್ದಾನೇನೋ ಎಂದು ಗುರುಬಸಪ್ಪನವರು ಕನ್ನಡಕದ ಮೇಲಿಂದ ನೋಡಿದರು. ಅವನ ಕಿವಿ ಕೆಂಪಾಗಿತ್ತು. ಅವರು ಹಾಗೇ ಬರೆದುಕೊಂಡರು. ಮಂಡಳಿಯವರು ಪ್ರಶ್ನೆ ಎತ್ತಲಿಲ್ಲ.

ಪರೀಕ್ಷೆ ನಡೆದದ್ದು ಬೇರೆ ಶಾಲೆಯಲ್ಲಿ, ಮೇಲ್ವಿಚಾರಕರೂ ಬೇರೆಯವರು. ಗಣಿತದ ದಿನ ಕೊನೆಯ ಪ್ರಶ್ನೆ ಗುಡ್ಡದ ಮೇಲಿನ ಕಾಲೇಜಿನವರು ಮುಖ್ಯವಾಗಿ ನೋಡುವ ಪ್ರಶ್ನೆ, ಉದ್ದದ್ದು, ಪುಟ ತುಂಬ ಹರಡುವಂಥದ್ದು. ಅವನು ಬರೆಯುತ್ತ ಹೋದ, ಅವಳು ನೋಡುತ್ತ ಹೋದಳು. ಮುಗಿಯುವ ಹೊತ್ತಿಗೆ ಅವಳು ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು. ಪ್ರಶ್ನೆಯಲ್ಲಿದ್ದ ಸಂಖ್ಯೆಯೂ ಇವನು ಇಳಿಸಿಕೊಂಡ ಸಂಖ್ಯೆಯೂ ಅವಳ ಕಣ್ಣಿಗೆ ಬೇರೆ ಬೇರೆಯಾಗಿ ಕಂಡವು. ಅವನು ಪಿಸುದನಿಯಲ್ಲಿ, ಅದರ ನಡುವೆ ನಿನಗೆ ಕಾಣದ ಅಂಕೆಯಿದೆ, ಅದಕ್ಕೇ ಹಾಗೆ ಕಾಣುತ್ತದೆ, ಬಿಡು ಎಂದ. ಅವಳು ಬಿಡಲಿಲ್ಲ. ನನಗೆ ಕಾಣದ್ದು ಒಂದೇ, ಉಳಿದವು ಕಾಣುತ್ತವೆ, ಆ ಉಳಿದವೇ ಅದಲುಬದಲಾಗಿವೆ, ನೋಡು ಎಂದಳು. ಹೊತ್ತು ಬಹಳ ಉಳಿದಿರಲಿಲ್ಲ. ಅವನು ಪ್ರಶ್ನೆಯನ್ನು ಇನ್ನೊಂದು ಸಲ ಓದಿದ, ಪುಟದ ಮೇಲೆ ಉದ್ದಕ್ಕೂ ಗೆರೆ ಎಳೆದ. ಮತ್ತೆ ಮೊದಲಿನಿಂದ ಹಿಡಿದರು. ಒಂದು ಸಾಲು ಅವನು, ಒಂದು ಸಾಲು ಅವಳು, ಪೆನ್ನು ಕೈಯಿಂದ ಕೈಗೆ ಓಡಾಡಿತು. ಗಂಟೆ ಬಾರಿಸಿದಾಗ ಪೆನ್ನು ಅವಳ ಕೈಯಲ್ಲಿತ್ತು. ಬರೆಯಬೇಕಿದ್ದದ್ದು ಕೊನೆಯ ಒಂದು ಅಂಕೆ, ಅದೂ ಅವಳ ಕೈ ಬರೆಯಲಾರದ ಅಂಕೆ. ಅವನು ಪೆನ್ನು ಕಿತ್ತುಕೊಂಡು ಬರೆಯುವುದಕ್ಕೂ ಮೇಲ್ವಿಚಾರಕರು ಹಾಳೆ ಎಳೆದುಕೊಳ್ಳುವುದಕ್ಕೂ ಸರಿಹೋಯಿತು. ಹಾಳೆಯ ಮೇಲೆ ಅಂಕೆ ಮೂಡಿತೋ ಬರೀ ಗೀರು ಉಳಿಯಿತೋ ಅವನಿಗೇ ಖಾತ್ರಿಯಿರಲಿಲ್ಲ. ಮೂಡಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ.

ಹೊರಗೆ ಬಂದು ಇಬ್ಬರೂ ನನಗೆ ಇದನ್ನೆಲ್ಲ ಹೇಳಿದರು. ಅವನು ತನ್ನದೇ ತಪ್ಪೆಂದು ಮೂರು ನಾಲ್ಕು ಸಲ ಹೇಳಿದ. ಅವಳು, ಆಯಿತು ಬಿಡು, ಎಳನೀರು ಕುಡಿಯೋಣ ಬಾ ಎಂದು ಅವನನ್ನು ಎಳೆದುಕೊಂಡು ಹೋದಳು. ಅವಳು ಹಾಗೆ ಹಗುರವಾಗಿ ಮಾತಾಡಿದ್ದನ್ನು ನಾನು ಎಷ್ಟೋ ತಿಂಗಳ ಮೇಲೆ ಕೇಳಿದೆ.

ಫಲಿತಾಂಶ ಬಂದದ್ದು ಬೇಸಿಗೆ ರಜೆಯ ನಡುವೆ. ಇಂದುಶೇಖರ ಅಜ್ಜಿಯ ಊರಿಗೆ ಹೋಗಿದ್ದ. ಜೋಡಿಗಳ ನೋಂದಣಿ ನಂಬರುಗಳ ಪಟ್ಟಿಯನ್ನು ಶಾಲೆಯ ಹೊರಗೋಡೆಗೆ ಅಂಟಿಸಿದ್ದರು. ಗುಡ್ಡದ ಮೇಲಿನವರು ಆರಿಸಿಕೊಂಡ ಜೋಡಿಯ ಮುಂದೆ ಕೆಂಪು ಶಾಯಿಯಲ್ಲಿ ಒಂದು ನಕ್ಷತ್ರ. ಮಕ್ಕಳು ಇಬ್ಬಿಬ್ಬರಾಗಿ ನಿಂತು ಓದುತ್ತಿದ್ದರು. ಒಬ್ಬರು ಓದಿದ್ದನ್ನು ಇನ್ನೊಬ್ಬರು ಓದಿ ಸರಿಯೆಂದ ಮೇಲೆಯೇ ನಗುವುದೋ ಅಳುವುದೋ. ಯಶೋಧರೆ ಒಬ್ಬಳೇ ಬಂದಿದ್ದಳು. ಬಹಳ ಹೊತ್ತು ಪಟ್ಟಿಯ ಮುಂದೆ ನಿಂತು, ನನ್ನ ಹತ್ತಿರ ಬಂದಳು. "ನಕ್ಷತ್ರದ ಮುಂದಿರೋ ನಂಬರು ನಮ್ದಿರಬಹುದು ಮಿಸ್. ಅದರ ಕೆಳಗಿಂದೂ ನಂಗೆ ಹಾಗೇ ಕಾಣುತ್ತೆ," ಎಂದಳು. ನಾನು ನೋಡಿದೆ. ಅವಳ ನಂಬರಿನಲ್ಲಿ ನನ್ನ ಅಂಕೆಯೂ ಇತ್ತೇನೋ, ನನಗೂ ಎರಡೂ ಒಂದೇ ಆಗಿ ಕಂಡವು, ಹಾಗಾಗಿ ನನಗೂ ಹೇಳಲಾಗಲಿಲ್ಲ. ಗುರುಬಸಪ್ಪನವರು ಊರಲ್ಲಿರಲಿಲ್ಲ. ಗುಂಪಿನಲ್ಲಿ ಯಾರನ್ನಾದರೂ ಕೂಗುತ್ತೇನೆ ಎಂದೆ. ಒಂದು ನಿಮಿಷ ಇರಿ ಮಿಸ್ ಎಂದಳು. ಕೇಳಿಬಿಟ್ಟರೆ ಗೊತ್ತಾಗಿಬಿಡುತ್ತದೆ, ಗೊತ್ತಾಗುವ ಮೊದಲು ಸ್ವಲ್ಪ ಹೊತ್ತು ನಿಲ್ಲುವ ಆಸೆ.

ಅಷ್ಟರಲ್ಲಿ ಬಸ್ ನಿಲ್ದಾಣದ ಕಡೆಯಿಂದ ಫಿಲೋಮಿನಾ ಬಂದಳು. ಖಾಕಿ ಕೋಟು, ಮೊಣಕಾಲಿನವರೆಗಿನ ರಬ್ಬರ್ ಬೂಟು, ಮೈಯೆಲ್ಲ ಫಿನೈಲ್ ವಾಸನೆ. ಕ್ರಿಸ್‌ಮಸ್ಸಿನಿಂದೀಚೆ ಈ ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿರಲಿಲ್ಲ. ಅವಳು ನನಗೆ ನಮಸ್ಕಾರ ಹೇಳಿ, ಯಶೋಧರೆಯ ಪಕ್ಕದಲ್ಲಿ ನಿಂತು, ಹಾಜರಿ ಹಾಕಿ ಓಡಿ ಬಂದೆ, ಬೇಗ ಹೋಗಬೇಕು ಎಂದಳು. ನಂಬರು ಎಷ್ಟೆಂದು ಕೇಳಿದಳು. ಯಶೋಧರೆ ಹಾಲ್ ಟಿಕೆಟ್ಟನ್ನು ಅವಳ ಕೈಗೆ ಕೊಟ್ಟಳು. ಫಿಲೋಮಿನಾ ಗುಂಪನ್ನು ಸರಿಸಿಕೊಂಡು ಗೋಡೆಯ ಹತ್ತಿರ ಹೋಗಿ, ಟಿಕೆಟ್ಟನ್ನು ಪಟ್ಟಿಯ ಪಕ್ಕಕ್ಕೆ ಹಿಡಿದು, ಒಂದೊಂದೇ ಅಂಕೆಯ ಮೇಲೆ ಬೆರಳಾಡಿಸಿದಳು. ತಿರುಗಿ ಬರುವಾಗ ಅವಳ ಮುಖ ನೋಡಿ ಏನೂ ತಿಳಿಯಲಿಲ್ಲ, ಅವಳು ಹತ್ತಿರ ಬರುವವರೆಗೂ ಏನನ್ನೂ ತೋರಗೊಡಲಿಲ್ಲ.

"ನಿಂದೇ ಕಣೇ," ಎಂದಳು.

ಯಶೋಧರೆ ಉಸಿರು ಬಿಟ್ಟಳು. ಅಳುವುದಕ್ಕೂ ನಗುವುದಕ್ಕೂ ಮೊದಲು ನಮ್ಮ ಊರಿನವರು ಮಾಡುವುದೊಂದಿದೆ. ನಾನೂ ಹಾಗೇ, ಫಿಲೋಮಿನಾಗೂ ಎಂಟು ಕಾಣದಲ್ಲ, ಯಾವುದಕ್ಕೂ ಇನ್ನೊಬ್ಬರಿಂದ ಓದಿಸಿಬಿಡೋಣ ಎಂದು ಗುಂಪಿನ ಕಡೆ ತಿರುಗಿದೆ.

"ಬೇಡ ಮಿಸ್," ಎಂದಳು ಯಶೋಧರೆ. "ಇವಳು ಹೇಳಿದ್ಲಲ್ಲ."